ಚೌರಾಸಿ ಕುಟಿಯಾ: ಹಾಡುಗಾರರ ನೆರಳಲ್ಲಿ ಒಂದು ಆಶ್ರಮ

ಋಷಿಕೇಶದ ರಾಮ್ ಝೂಲಾ ತೂಗುಸೇತುವೆ ದಾಟಿ, ಗಂಗೆಯ ದಂಡೆ ಹಿಡಿದು ನಡೆದರೆ ಮಹರ್ಷಿ ಮಹೇಶ ಯೋಗಿಗಳ ಹಳೆಯ ಆಶ್ರಮ, ಚೌರಾಸಿ ಕುಟಿಯಾ, ಸಿಗುತ್ತದೆ. ಈಗ ಅದು ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಚೀಟಿ ಕೊಂಡು ಒಳಗೆ ಹೋಗಬೇಕು. ನಾನು ಅಕ್ಕನ ಜೊತೆ ಹೋಗಿದ್ದೆ.

ನಮಗೆ ಸಿಕ್ಕ ಮಾರ್ಗದರ್ಶಿಯ ಬಾಯಲ್ಲಿ ಇಂಗ್ಲೆಂಡಿನ ನಾಲ್ವರು ಹಾಡುಗಾರರ ತಂಡ ಬೀಟಲ್ಸ್ ಬಿಟ್ಟು ಬೇರೆ ಮಾತಿಲ್ಲ. ಆ ನಾಲ್ವರು ಇಲ್ಲಿಗೆ ಬಂದದ್ದು 1968ರ ಫೆಬ್ರವರಿಯಲ್ಲಿ. ಅವರಲ್ಲೊಬ್ಬರಾದ ರಿಂಗೋ ಸ್ಟಾರ್ ಹತ್ತು ಹನ್ನೆರಡು ದಿನಕ್ಕೇ ಹೊರಟುಬಿಟ್ಟರು. ಮಹರ್ಷಿಗಳಾದರೋ ಅದಕ್ಕೂ ಹತ್ತು ವರ್ಷ ಮೊದಲಿನಿಂದ ಊರೂರು, ದೇಶದೇಶ ಸುತ್ತಿ ಧ್ಯಾನ ಕಲಿಸಿದ್ದವರು. ಆ ಅಲೆದಾಟ ಮುಟ್ಟದ ಮನೆಗಳನ್ನು ಹೂಮಾಲೆ ಹಾಕಿಕೊಂಡು ಕುಳಿತ ನಾಲ್ವರ ಫೋಟೋ ಮುಟ್ಟಿತು. ಪಂಥಗಳು ತಾರೆಯರನ್ನು ಹುಡುಕುವುದು ಇದಕ್ಕೇ: ಅಪರಿಚಿತ ಗುರುವನ್ನು ನಂಬಲು ಜನ ಹಿಂಜರಿಯುತ್ತಾರೆ, ಮೆಚ್ಚಿದ ಹಾಡುಗಾರನನ್ನು ಆಗಲೇ ನಂಬಿರುತ್ತಾರೆ. ಆದರೆ ತಾರೆ ಮುನಿಸಿಕೊಂಡು ಹೋದರೆ ಅದೂ ಸುದ್ದಿಯೇ. ಬೀಟಲ್ಸ್‌ನ ಜಾನ್ ಲೆನನ್ ಹಾಗೆಯೇ ಹೋದರು.

ನನ್ನ ಮನಸ್ಸು ನಿಂತದ್ದು ಧ್ಯಾನದ ಗುಡಿಸಲುಗಳಲ್ಲಿ. ನದಿಯ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿದ ಗೋಡೆ, ಒಬ್ಬರಿಗಷ್ಟೇ ಸಾಲುವ ಜಾಗ. ಒಳಗೆ ಕುಳಿತೆ, ಕಲ್ಲು ತಣ್ಣಗಿತ್ತು, ಹೊರಗಿನ ಮಾತು ದೂರವಾಯಿತು. ಇಲ್ಲಿ ಕುಳಿತೆದ್ದ ಹೆಸರಿಲ್ಲದ ಸಾಧಕರು ಎಷ್ಟು ಜನವೋ! ಅವರ ಬಗ್ಗೆ ಮಾರ್ಗದರ್ಶಿ ಒಂದು ಮಾತೂ ಆಡಲಿಲ್ಲವೆಂದು ಅಕ್ಕ ನೊಂದುಕೊಂಡಳು. ನನಗೂ ಬೇಸರವಾಯಿತು.

ಖಂಡಿತ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಗುಡಿಸಲಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತು ಬನ್ನಿ.