ಹಸಿಕಸ: ಹಿತ್ತಲಲ್ಲಿ ಹೂಳುವುದೋ, ಮಡಕೆಗೆ ಹಾಕುವುದೋ?

ಮೈಸೂರಿನ ನಮ್ಮ ಮನೆಯಲ್ಲಿ ಅಡುಗೆಮನೆಯ ಹಸಿಕಸವನ್ನು ಎರಡು ಪಾಲು ಮಾಡುತ್ತೇವೆ. ಒಂದು ಪಾಲು ಹಿತ್ತಲಿನ ಗುಂಡಿಗೆ, ಇನ್ನೊಂದು ತಾರಸಿಯಲ್ಲಿರುವ ತೂತಿನ ಕಾಂಪೋಸ್ಟ್ ಮಡಕೆಗೆ. ಅಂಗೈಯಗಲವಾದರೂ ಹಿತ್ತಲಿದ್ದವರಿಗೆ ನಾನು ಹೂಳಿ ಎಂದೇ ಹೇಳುತ್ತೇನೆ, ಮಳೆಗಾಲವೊಂದನ್ನು ಬಿಟ್ಟು.

ಮಡಕೆ ದಿನವೂ ಉಪಚಾರ ಬೇಡುತ್ತದೆ. ಹಾಕಿದ ಸಿಪ್ಪೆಯ ಮೇಲೆ ಅಷ್ಟೇ ಪ್ರಮಾಣದ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಉದುರಿಸಬೇಕು, ಆಗಾಗ ಕೆದಕಬೇಕು. ಕಲ್ಲಂಗಡಿಯ ಕಾಲದಲ್ಲಂತೂ ಎಷ್ಟು ಒಣ ಎಲೆ ಹಾಕಿದರೂ ಸಾಲದು. ತಳದಲ್ಲಿ ರಸ ನಿಂತು ಗಬ್ಬು ನಾರುತ್ತದೆ. ಮುಚ್ಚಳ ತೆರೆದರೆ ಬೂದು ಬಣ್ಣದ ದಪ್ಪ ಹುಳುಗಳು ಮಿಜಿಮಿಜಿ ಎನ್ನುತ್ತಿರುತ್ತವೆ. ಅವು ಕಪ್ಪು ಸೈನಿಕ ನೊಣದ ಮರಿಗಳು, ನಿರುಪದ್ರವಿ, ಕಸ ಕರಗಿಸುವುದರಲ್ಲಿ ನಿಸ್ಸೀಮ. ಮನೆಯ ಉಳಿದವರಿಗೆ ಇದನ್ನು ಒಪ್ಪಿಸುವುದು ಬೇರೆ ಮಾತು. ಆದರೆ ಎರಡು ಮೂರು ತಿಂಗಳಲ್ಲಿ ಕುಂಡಗಳಿಗೆ ಹಾಕಲು ಪುಡಿ ಗೊಬ್ಬರ ಕೈಗೆ ಬರುವುದು ಮಡಕೆಯಿಂದಲೇ.

ಹೂಳಿದ್ದು ಹಾಗೆ ಕೈಗೆ ಬರುವುದಿಲ್ಲ, ನೇರ ಬೇರಿಗೇ ಹೋಗುತ್ತದೆ. ಗುದ್ದಲಿಯಿಂದ ಒಂದೂವರೆ ಅಡಿ ತೋಡಿ, ನಾಲ್ಕೈದು ಇಂಚು ಕಸ ಸುರಿದು, ಗುದ್ದಲಿಯ ಬಾಯಿಂದಲೇ ಕೊಚ್ಚಿ ಮಣ್ಣಿನಲ್ಲಿ ಕಲಸಿ, ಉಳಿದ ಮಣ್ಣನ್ನು ಮೇಲೆ ಎಳೆದರೆ ಕೆಲಸ ಮುಗಿಯಿತು. ಕೆದಕುವುದಿಲ್ಲ, ಎಲೆ ಹುಡುಕುವುದಿಲ್ಲ. ಕೆಲವು ತಿಂಗಳ ಮೇಲೆ ಅದೇ ಜಾಗ ಅಗೆದಾಗ ಬಾಳೆಹಣ್ಣಿನ ಸಿಪ್ಪೆಯ ಸುಳಿವಿರಲಿಲ್ಲ. ಮಣ್ಣು ಕಪ್ಪಾಗಿತ್ತು, ಎರೆಹುಳುಗಳಿದ್ದವು. ಮಾವಿನ ಓಟೆ, ಮೊಟ್ಟೆಯ ಚಿಪ್ಪು ಮಾತ್ರ ಹಾಕಿದ ಹಾಗೆಯೇ ಇದ್ದವು.

ಕಸವನ್ನು ಮಣ್ಣಿನಡಿ ಮುಚ್ಚಿಟ್ಟು ಸುಮ್ಮನಿರುವ ಈ ಕ್ರಮ ನಮ್ಮ ನಾಡಿಗೆ ಹೊಸದಲ್ಲ. 1939ರಲ್ಲಿ ವಿಜ್ಞಾನಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ‘ಬೆಂಗಳೂರು ಪದ್ಧತಿ’ಯಲ್ಲೂ ಊರಿನ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಕೆಸರು ಮೆತ್ತಿ, ತಿರುವಿ ಹಾಕದೆ ಆರೆಂಟು ತಿಂಗಳು ಬಿಡುತ್ತಾರೆ. ನಿಧಾನವೇ, ಆದರೆ ಆಳಿನ ಖರ್ಚು ಕಡಿಮೆ.

ಹೂಳುವುದರ ದೊಡ್ಡ ಶತ್ರು ಹೆಗ್ಗಣ. ಅರ್ಧ ಅಡಿಯಲ್ಲಿ ಹೂತರೆ ಬೆಳಗಾಗುವಷ್ಟರಲ್ಲಿ ಎಲ್ಲ ಅಂಗಳದಲ್ಲಿರುತ್ತದೆ. ಅನ್ನ, ಮೀನಿನ ಮುಳ್ಳು ಹಾಕಿದರೆ ಬೀದಿನಾಯಿಯೂ ಜೊತೆಗೂಡುತ್ತದೆ. ಆದ್ದರಿಂದ ನಮ್ಮ ಗುಂಡಿಗೆ ಅವು ನಿಷಿದ್ಧ, ಮೇಲೊಂದು ಕಡಪಾ ಕಲ್ಲು ಕಡ್ಡಾಯ. ಗಿಡದ ಬುಡಕ್ಕೆ ಒತ್ತಿಯೂ ಹೂಳಬಾರದು, ಹಸಿಯದು ಕೊಳೆಯುವಾಗ ಬೇರಿಗೆ ಪೆಟ್ಟು. ಬಾಳೆಗಾದರೆ ನಾನು ಎರಡಡಿ ದೂರ ಬಿಡುತ್ತೇನೆ.

ಜೋರು ಮಳೆ ಹಿಡಿದ ಮೇಲೆ ಗುಂಡಿಯಲ್ಲಿ ನೀರು ನಿಂತು, ಗಾಳಿಯಾಡದೆ ಚರಂಡಿಯ ವಾಸನೆ ಏಳುತ್ತದೆ. ಆಗ ಎಲ್ಲ ಕಸವೂ ಮಡಕೆಗೆ. ಅದಕ್ಕೆ ಬೇಕಾಗುವ ತರಗೆಲೆಯನ್ನು ಬೇಸಿಗೆಯಲ್ಲೇ ಗುಡಿಸಿ ಚೀಲದಲ್ಲಿ ಕಟ್ಟಿಡಬೇಕು; ಜುಲೈಯಲ್ಲಿ ಒಣ ಎಲೆ ಎಲ್ಲಿ ಹುಡುಕುತ್ತೀರಿ?