ಸುಟ್ಟಗಾಯದ ಸ್ಕೋರ್ ಆ್ಯಪ್: ಕೋಲಾರದ ಡ್ಯೂಟಿ ಡಾಕ್ಟರ್‌ಗಳಿಗಾಗಿ ಒಂದು ವಿಮರ್ಶೆ

ಸುಟ್ಟಗಾಯದ ರೋಗಿಗೆ ಸಾವಿನ ಅಪಾಯ ಎಷ್ಟೆಂದು ಅಂದಾಜಿಸುವ ಪರಿಷ್ಕೃತ ಬೋ (Baux) ಸ್ಕೋರ್ ಲೆಕ್ಕ ಸರಳ, ಇವನ್ನು ಕೂಡಿದರಾಯಿತು: ವಯಸ್ಸು, ಸುಟ್ಟ ಮೈಯ ಶೇಕಡಾವಾರು, ಹೊಗೆಯಿಂದ ಶ್ವಾಸನಾಳಕ್ಕೆ ಪೆಟ್ಟಾಗಿದ್ದರೆ ಇನ್ನೊಂದು 17. ವಯಸ್ಸು 40, ಸುಟ್ಟದ್ದು ಶೇ 50, ಹೊಗೆಯೂ ಸೇರಿದರೆ 107. ಈ ಉಚಿತ ಆ್ಯಪ್ ಕೂಡುವುದರಲ್ಲಿ ತಪ್ಪುವುದಿಲ್ಲ, ನೆಟ್‌ವರ್ಕೂ ಬೇಡ. ತಪ್ಪಾಗುವುದು ನಾವು ತುಂಬುವ ಶೇಕಡಾದಲ್ಲಿ. ಬರೀ ಕೆಂಪಾದ ಚರ್ಮವನ್ನು ಸೇರಿಸಬಾರದು. ಚದುರಿದ ಗಾಯಕ್ಕೆ ರೋಗಿಯದೇ ಅಂಗೈ, ಬೆರಳೂ ಸೇರಿ, ಮೈಯ ಸುಮಾರು ಶೇ 1 ಎಂದು ಅಳೆಯಿರಿ. ಮಕ್ಕಳ ತಲೆ ದೊಡ್ಡದು, ಮೈಯನ್ನು ಶೇ 9ರ ಭಾಗಗಳಾಗಿ ಎಣಿಸುವ ಒಂಬತ್ತರ ನಿಯಮ ಅವರಿಗೆ ಹೊಂದದು. ವಯಸ್ಸಿಗೆ ತಕ್ಕಂತೆ ಪ್ರತಿ ಅಂಗದ ಶೇಕಡಾ ತೋರಿಸುವ ಲಂಡ್–ಬ್ರೌಡರ್ ಚಿತ್ರ ಇಲ್ಲದಿರುವುದು ಈ ಆ್ಯಪ್‌ನ ದೊಡ್ಡ ಕೊರತೆ. ಸಕ್ಕರೆ ಕಾಯಿಲೆ, ಸೋಂಕು, ತಡವಾಗಿ ಬಂದದ್ದು ಯಾವುದೂ ಈ ಅಂಕಿಯಲ್ಲಿಲ್ಲ. ಅಂಕಿ ದೊಡ್ಡದೆಂದು ಡ್ರಿಪ್ ತಡಮಾಡಲೇಬೇಡಿ. ರೋಗಿಯನ್ನು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಕಳಿಸುವಾಗ ಸ್ಕೋರ್ ಜೊತೆ ಸುಟ್ಟ ಸಮಯ, ಕೊಟ್ಟ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ ದ್ರವ) ಎಷ್ಟು, ಮೂತ್ರದ ಪ್ರಮಾಣ ಚೀಟಿಯಲ್ಲಿರಲಿ.