ಪೋಲೆಂಡಾ, ಜೆಕ್ ದೇಶವಾ? ಯಾವುದನ್ನು ಮೊದಲು ಓದಬೇಕು

ಕಮ್ಯುನಿಸ್ಟ್ ಆಡಳಿತ ಬಿಟ್ಟು ಬಂದ ಒಂದು ದೇಶದ ಬಗ್ಗೆ ಓದಬೇಕು ಅಂತಿದ್ದೀರಾ? ರಾಜಕೀಯ ಇಷ್ಟವಾದರೆ ಪೋಲೆಂಡ್ ಆರಿಸಿ. 1989ರಲ್ಲಿ ಸರ್ಕಾರ ಮತ್ತು ಸಾಲಿಡಾರಿಟಿ ಕಾರ್ಮಿಕ ಸಂಘ ಒಂದೇ ಮೇಜಿನ ಸುತ್ತ ಕೂತು ಮಾತಾಡಿದವು. ಜೂನ್ ಚುನಾವಣೆಯಲ್ಲಿ ಸಂಸತ್ತಿನ ಮೇಲ್ಮನೆ ಸೆನೆಟ್‌ನ 100 ಸ್ಥಾನಗಳಲ್ಲಿ 99 ಸಾಲಿಡಾರಿಟಿಗೇ ಬಂದವು! ಜೆಕ್ ರಾಜಧಾನಿ ಪ್ರಾಗ್‌ನಲ್ಲಿ ಬದಲಾವಣೆ ಬಂದಿದ್ದು ಬೀದಿಯಿಂದ, ಕೆಲವೇ ವಾರಗಳಲ್ಲಿ.

ಹಣಕಾಸಿನ ಕಥೆ ಬೇರೆ. ಪೋಲೆಂಡ್ 1990ರ ಜನವರಿಯಲ್ಲೇ ಹೆಚ್ಚಿನ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಅಂಗಡಿಗಳು ತುಂಬಿದವು. ಆದರೆ 1993ರ ಹೊತ್ತಿಗೆ ನಿರುದ್ಯೋಗ ಶೇ 16 ಮುಟ್ಟಿತು. ಆ ನೋವನ್ನು ಸುಮ್ನೆ ಅಂಕಿ ಅಂತ ದಾಟಬೇಡಿ, ಕಾರ್ಖಾನೆ ಊರುಗಳೇ ಬರಿದಾದವು.

ಜೆಕ್ ಕಡೆ ಕೆಲಸ ಹೋದವರು ಕಡಿಮೆ. ಅಲ್ಲಿ ಓದಬೇಕಾದ್ದು 1992ರ ವೋಚರ್ ಯೋಜನೆ. ಸುಮಾರು 1000 ಕೊರುನಾ (ಅಲ್ಲಿನ ನಾಣ್ಯ) ಕೊಟ್ಟು ವೋಚರ್ ಕೊಂಡವರಿಗೆ ಸರ್ಕಾರಿ ಕಂಪನಿಗಳ ಷೇರು ಕೇಳುವ ಹಕ್ಕು. ಜಾಸ್ತಿ ಜನ ವೋಚರನ್ನು ಹೂಡಿಕೆ ನಿಧಿಗಳ ಕೈಗೆ ಕೊಟ್ಟರು. ಕಾನೂನು ಸಡಿಲ. ಕೆಲವು ಕಂಪನಿಗಳನ್ನು ಒಳಗಿದ್ದವರೇ ದೋಚಿದರು. ಖಾಸಗೀಕರಣ ಎಲ್ಲಿ ಎಡವುತ್ತದೆ ಅಂತ ತಿಳಿಯಲು ಇದೇ ಒಳ್ಳೆಯದು.

ನನ್ನ ಆಯ್ಕೆ ಪೋಲೆಂಡ್. ಜೆಕ್ ಆರಿಸಿದರೆ, 1993ಕ್ಕೆ ಮೊದಲು ಜೆಕ್ ಮತ್ತು ಸ್ಲೊವಾಕಿಯಾ ಒಂದೇ ದೇಶವಾಗಿದ್ದವು ಅನ್ನೋದು ನೆನಪಿರಲಿ; ಆಗಿನ ಅಂಕಿಗಳಲ್ಲಿ ಸ್ಲೊವಾಕಿಯಾ ಕೂಡ ಸೇರಿದೆಯಾ ಅಂತ ನೋಡಿಕೊಳ್ಳಿ.